ಕಾರ್ ಟೈರ್ ಪಂಕ್ಚರ್ ಆದಾಗ: ಪ್ಯಾಚ್ ಸಾಕಾ, ಟೈರೇ ಬದಲಿಸಬೇಕಾ?

ಪಂಕ್ಚರ್ ಅಂಗಡಿಗೆ ಹೋದ ಕೂಡಲೇ ನಾವು ಕೇಳೋದು "ಎಷ್ಟಾಗುತ್ತೆ?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಎರಡಿವೆ. ತೂತು ಟೈರಿನ ಯಾವ ಜಾಗದಲ್ಲಿದೆ? ಗಾಳಿ ಇಳಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ? ಟೈರ್ ಉಳಿಯುತ್ತೋ ಇಲ್ಲವೋ ಅನ್ನೋದು ಬಹುಪಾಲು ಈ ಎರಡು ಉತ್ತರಗಳ ಮೇಲೇ ನಿಂತಿದೆ. ಮೊಳೆ ಎಷ್ಟು ಉದ್ದ ಇತ್ತು ಅನ್ನೋದು ಅಷ್ಟು ಮುಖ್ಯವಲ್ಲ.

ಈಗಿನ ಕಾರುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಟ್ಯೂಬ್‌ಲೆಸ್ ಟೈರುಗಳೇ. ಹಾಗಾಗಿ ಇಲ್ಲಿ ಹೇಳುತ್ತಿರುವುದೂ ಅವುಗಳ ವಿಷಯವೇ.

ಗಾಡಿ ಒಂದು ಕಡೆ ಎಳೆಯುತ್ತಿದ್ದರೆ

ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತಿದೆ, ಗಾಡಿ ಭಾರ ಅನ್ನಿಸುತ್ತಿದೆ, ಕೆಳಗಿಂದ ದಬದಬ ಸದ್ದು ಬರುತ್ತಿದೆ ಅಂದರೆ ಟೈರಿನಲ್ಲಿ ಗಾಳಿ ಇಲ್ಲ ಅಂತಲೇ ತಿಳಿಯಿರಿ. ಜೋರಾಗಿ ಬ್ರೇಕ್ ಒತ್ತಬೇಡಿ. ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಿ. ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ. ಟೈರ್ ಸಿಡಿದಾಗಲೂ ಇದೇ ಕ್ರಮ. ಸಿಡಿದ ಸದ್ದಿಗೆ ಹೆದರಿ ಬ್ರೇಕ್ ತುಳಿದರೆ ಗಾಡಿ ತಿರುಗಿಬಿಡುತ್ತದೆ.

ಬೆಂಗಳೂರು-ಮೈಸೂರು ಹೆದ್ದಾರಿಯಂಥ ರಸ್ತೆಯಲ್ಲಿ ನಿಂತರೆ ಅಪಾಯ ಟೈರಿನದ್ದಲ್ಲ, ಹಿಂದಿನಿಂದ ಬರುವ ಗಾಡಿಗಳದ್ದು. ಅಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ ಇದೆ. ಆ ವೇಗದಲ್ಲಿ ಬರುವ ಗಾಡಿಗೆ ನೀವು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಹಜಾರ್ಡ್ ದೀಪ ಹಾಕಿ. ಎಲ್ಲರನ್ನೂ ಇಳಿಸಿ, ಬೇಲಿಯ ಆಚೆ ನಿಲ್ಲಿಸಿ. ಕೆಂಪು ತ್ರಿಕೋನವನ್ನು ಗಾಡಿಯ ಹಿಂದೆ ಸಾಕಷ್ಟು ದೂರದಲ್ಲಿಡಿ. ಬಲಗಡೆಯ ಟೈರ್ ಹೋಗಿದ್ದು, ಅದರ ಪಕ್ಕದಲ್ಲೇ ಗಾಡಿಗಳು ಹಾದುಹೋಗುತ್ತಿದ್ದರೆ ನೀವೇ ಕೂತು ನಟ್ ಬಿಚ್ಚುವ ಸಾಹಸ ಬೇಡ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ. ಇಲ್ಲವೇ ನಿಧಾನವಾಗಿ ಇನ್ನೂ ಸ್ವಲ್ಪ ಮುಂದೆ ಹೋಗಿ ಸರಿಯಾದ ಜಾಗ ಹುಡುಕಿ. ಟೈರ್ ಹಾಳಾದರೂ ಪರವಾಗಿಲ್ಲ.

ಸ್ಟೆಪ್ನಿ ಹಾಕುವ ಕ್ರಮ

ಸಮತಟ್ಟಾದ, ಗಟ್ಟಿ ನೆಲ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲಿ ನಿಲ್ಲಿಸಿ. ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿಡಿ. ಯಾವ ಚಕ್ರ ಬಿಚ್ಚುತ್ತೀರೋ ಅದಕ್ಕೆ ಮೂಲೆಯಿಂದ ಮೂಲೆಗೆ ಎದುರಿರುವ ಚಕ್ರಕ್ಕೆ ಕಲ್ಲು ಕೊಡಿ.

ಜಾಕಿ ಎತ್ತುವ ಮೊದಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲ ಮಾಡಬೇಕು. ಚಕ್ರ ನೆಲ ಬಿಟ್ಟ ಮೇಲೆ ಬಿಚ್ಚಲು ಹೋದರೆ ಚಕ್ರವೇ ತಿರುಗುತ್ತದೆ, ಇಲ್ಲವೇ ಕಾರು ಜಾಕಿಯಿಂದ ಜಾರುತ್ತದೆ. ಸರ್ವಿಸ್‌ನಲ್ಲಿ ಏರ್ ಗನ್‌ನಿಂದ ಬಿಗಿ ಮಾಡಿದ ನಟ್ ಕೈಗೆ ಬಗ್ಗುವುದಿಲ್ಲ. ಆಗ ಸ್ಪ್ಯಾನರ್ ಹಿಡಿಯ ತುದಿಯ ಮೇಲೆ ಕಾಲಿಟ್ಟು ನಿಧಾನವಾಗಿ ಭಾರ ಹಾಕಿ.

ಜಾಕಿ ಎಲ್ಲಿ ಬೇಕೋ ಅಲ್ಲಿ ಇಡುವಂತಿಲ್ಲ. ಬಾಗಿಲ ಕೆಳಗಿನ ಅಂಚಿನಲ್ಲಿ, ಚಕ್ರದ ಹತ್ತಿರ, ಅದಕ್ಕೆಂದೇ ಗುರುತಿನ ಜಾಗ ಇರುತ್ತದೆ. ಮ್ಯಾನುಯಲ್‌ನಲ್ಲಿ ಚಿತ್ರವಿದೆ, ಬಿಡುವಿದ್ದಾಗ ಒಮ್ಮೆ ನೋಡಿಟ್ಟುಕೊಳ್ಳಿ. ನೆಲ ಮೆತ್ತಗಿದ್ದರೆ ಜಾಕಿಯ ಅಡಿಗೆ ಒಂದು ಹಲಗೆ ಕೊಡಿ. ಕಾರು ಜಾಕಿಯ ಮೇಲಿರುವಾಗ ಕೈಯಾಗಲಿ ತಲೆಯಾಗಲಿ ಅದರ ಅಡಿಗೆ ಹೋಗಬಾರದು.

ಸ್ಟೆಪ್ನಿ ಹಾಕಿದ ಮೇಲೆ ನಟ್‌ಗಳನ್ನು ಕೈಯಲ್ಲೇ ಕೂರಿಸಿ, ಎದುರುಬದುರಾಗಿ ಬಿಗಿ ಮಾಡಿ. ಸಾಲಾಗಿ ಒಂದರ ಪಕ್ಕ ಒಂದು ಬಿಗಿ ಮಾಡಿದರೆ ಚಕ್ರ ಓರೆಯಾಗಿ ಕೂರುತ್ತದೆ. ಪೂರ್ತಿ ಬಿಗಿ ಮಾಡುವುದು ಕಾರು ನೆಲಕ್ಕಿಳಿದ ಮೇಲೆ. ಐವತ್ತು, ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಂದು ಸಲ ನೋಡಿ.

ಎಷ್ಟೋ ಹೊಸ ಕಾರುಗಳಲ್ಲಿ ಸ್ಟೆಪ್ನಿ ಉಳಿದ ನಾಲ್ಕಕ್ಕಿಂತ ಸಣ್ಣದಿರುತ್ತದೆ. ಅದರ ಮೇಲೇ 80 ಕಿ.ಮೀ. ವೇಗ ಮಿತಿ ಬರೆದಿರುತ್ತದೆ. ಅದು ಪಂಕ್ಚರ್ ಅಂಗಡಿಯವರೆಗೆ ಹೋಗೋಕೆ ಮಾತ್ರ, ಊರಿಗೆ ಹೋಗಿ ಬರೋಕಲ್ಲ. ಇನ್ನು ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ, ಟ್ಯೂಬ್‌ಲೆಸ್ ಟೈರಿನ ಜೊತೆ ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಅಂತ ಹೇಳಿತು. ಕಾರು ಕೊಳ್ಳುವಾಗ ಡಿಕ್ಕಿ ತೆಗೆದು ನೋಡಿಯೇ ಕೊಳ್ಳಿ. ಇದ್ದವರು ಅದಕ್ಕೂ ಆಗಾಗ ಗಾಳಿ ಹಿಡಿಸಿ. ವರ್ಷಗಟ್ಟಲೆ ಮುಟ್ಟದ ಸ್ಟೆಪ್ನಿ ಬೇಕಾದ ದಿನ ತಾನೇ ಚಪ್ಪಟೆಯಾಗಿರುತ್ತದೆ.

ಮೊಳೆ ಕಂಡ ಕೂಡಲೇ ಕೀಳಬೇಡಿ

ಟ್ಯೂಬ್‌ಲೆಸ್ ಟೈರಿನಲ್ಲಿ ಚುಚ್ಚಿಕೊಂಡ ಮೊಳೆಯೇ ತೂತಿಗೆ ಬಿರಡೆಯಾಗಿ ಕೂತಿರುತ್ತದೆ. ಗಾಳಿ ನಿಧಾನವಾಗಿ ಇಳಿಯುತ್ತಿರುತ್ತದೆ, ಅಷ್ಟೇ. ಗಾಳಿ ತುಂಬಿಸಿಕೊಂಡು ಮೆಲ್ಲಗೆ ಅಂಗಡಿಗೆ ಹೋಗಬಹುದು. ರಸ್ತೆಯಲ್ಲೇ ಕಿತ್ತರೆ ಐದು ನಿಮಿಷಕ್ಕೆ ಟೈರ್ ಕೂರುತ್ತದೆ. ಕಾರಿನಲ್ಲಿ 12 ವೋಲ್ಟ್ ಸಾಕೆಟ್‌ಗೆ ಹಾಕುವ ಚಿಕ್ಕ ಗಾಳಿ ಪಂಪ್ ಇಟ್ಟುಕೊಳ್ಳಿ ಅಂತ ಹೇಳುವುದು ಇದಕ್ಕೇ. ನನ್ನ ಲೆಕ್ಕದಲ್ಲಿ ಕಾರಿಗೆ ಕೊಳ್ಳುವ ಸಾಮಾನುಗಳಲ್ಲಿ ದುಡ್ಡಿಗೆ ಸರಿಯಾದ ಬೆಲೆ ಕೊಡುವುದು ಇದೊಂದೇ. ಸೀಟ್ ಕವರ್ ಆಮೇಲೆ ಹಾಕಿಸಿದರಾಯಿತು.

ಈಗ ಮೊದಲ ಪ್ರಶ್ನೆ. ತೂತು ಎಲ್ಲಿದೆ?

ರಸ್ತೆಗೆ ತಾಗುವ ಅಗಲದ ಭಾಗದಲ್ಲಿ, ಅಂದರೆ ಗ್ರಿಪ್ ಇರುವ ಜಾಗದಲ್ಲಿ ಇದ್ದರೆ ರಿಪೇರಿ ಆಗುತ್ತದೆ. ಅಲ್ಲಿ ರಬ್ಬರಿನ ಅಡಿ ಉಕ್ಕಿನ ತಂತಿಯ ಪದರಗಳಿವೆ, ಆ ಭಾಗ ಹೆಚ್ಚು ಬಳುಕುವುದಿಲ್ಲ. ಹಾಕಿದ ಪ್ಯಾಚ್ ಅಲ್ಲಾಡದೆ ನಿಲ್ಲುತ್ತದೆ. ಆದರೆ ತೂತು ಸುಮಾರು 6 ಮಿ.ಮೀ. ಒಳಗಿರಬೇಕು. ಅದಕ್ಕಿಂತ ದೊಡ್ಡದಾದರೆ ತಂತಿಗಳು ತುಂಡಾಗಿರುತ್ತವೆ.

ಪಕ್ಕದ ಗೋಡೆಯಲ್ಲಿ, ಅಂದರೆ ಕಂಪನಿ ಹೆಸರು ಬರೆದಿರುವ ಭಾಗದಲ್ಲಿ ತೂತಾಗಿದ್ದರೆ ಆ ಟೈರ್ ಮುಗಿಯಿತು. ಆ ಗೋಡೆ ತೆಳುವಾಗಿರುತ್ತದೆ. ಚಕ್ರದ ಒಂದೊಂದು ಸುತ್ತಿಗೂ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಲಿ ಯಾವ ಪ್ಯಾಚೂ ನಿಲ್ಲುವುದಿಲ್ಲ. "ನಾನು ಹಾಕ್ಕೊಡ್ತೀನಿ ಸಾರ್, ಏನೂ ಆಗಲ್ಲ" ಅನ್ನುವವರು ಸಿಗುತ್ತಾರೆ. ಹಾಕಿದ ದಿನ ಏನೂ ಆಗುವುದಿಲ್ಲ ನಿಜ. ಬೇಸಿಗೆಯಲ್ಲಿ, ತುಂಬಿದ ಕಾರಿನಲ್ಲಿ, ಹೆದ್ದಾರಿಯಲ್ಲಿ ಎರಡು ಗಂಟೆ ಓಡಿದಾಗ ಆಗುವುದೇ ಬೇರೆ.

ಎರಡರ ಮಧ್ಯದ ಅಂಚು, ಅಂದರೆ ಟೈರಿನ ಭುಜ, ತಕರಾರಿನ ಜಾಗ. ಟೈರ್ ಕಂಪನಿಗಳ ಪ್ರಕಾರ ಅಲ್ಲೂ ರಿಪೇರಿ ಕೂಡದು. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಅದನ್ನೇ ದಿನವೂ ಮಾಡುತ್ತಾರೆ. ನಾನು ಕಂಪನಿಯ ಪಕ್ಷ.

ಎರಡನೇ ಪ್ರಶ್ನೆ: ಗಾಳಿ ಇಲ್ಲದೆ ಎಷ್ಟು ಓಡಿದೆ?

ಇದನ್ನು ಯಾರೂ ಕೇಳುವುದಿಲ್ಲ, ಅಲ್ವಾ? ಆದರೆ ಸಣ್ಣ ಮೊಳೆಯ ಪಂಕ್ಚರಿಗೆ ಒಳ್ಳೇ ಟೈರ್ ಹಾಳಾಗುವುದು ಹೆಚ್ಚಾಗಿ ಇದರಿಂದಲೇ.

ಕಾರಿನ ಭಾರ ಹೊರುವುದು ರಬ್ಬರ್ ಅಲ್ಲ, ಒಳಗಿನ ಗಾಳಿ. ಗಾಳಿ ಹೋದಾಗ ರಿಮ್ ಮತ್ತು ರಸ್ತೆಯ ನಡುವೆ ಟೈರಿನ ಗೋಡೆ ಮಡಚಿಕೊಳ್ಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಒಳಗಿನ ನೂಲುಗಳಿಗೆ ಹಾಗೇ ಆಗುತ್ತದೆ. ಜೊತೆಗೆ ವಿಪರೀತ ಬಿಸಿ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಟೈರನ್ನು ರಿಮ್‌ನಿಂದ ಬಿಚ್ಚಿಸಿ ಒಳಗೆ ಕೈ ಆಡಿಸಿ. ಕಪ್ಪು ರಬ್ಬರ್ ಪುಡಿ ಕೈಗೆ ಬಂದರೆ, ಒಳಗೋಡೆಯಲ್ಲಿ ಸುತ್ತಲೂ ಉಜ್ಜಿದ ಗೆರೆ ಕಂಡರೆ, ನೂಲು ಹೊರಗೆ ಬಂದಿದ್ದರೆ ಅದನ್ನು ಮತ್ತೆ ಹಾಕಿಸಬೇಡಿ. ತೂತು ಸರಿ ಮಧ್ಯದಲ್ಲೇ ಇರಲಿ, ಎಷ್ಟೇ ಚಿಕ್ಕದಿರಲಿ, ಆ ಟೈರ್ ನಂಬಿಕೆಗೆ ಯೋಗ್ಯವಲ್ಲ.

ಹಾಗಾಗಿ ಟೈರ್ ಪೂರ್ತಿ ಕೂತಿದ್ದರೆ "ಇಲ್ಲೇ ಅರ್ಧ ಕಿಲೋಮೀಟರ್, ಮೆಲ್ಲಗೆ ಹೋಗೋಣ" ಅಂತ ಹೊರಡಬೇಡಿ. ಗಾಳಿ ತುಂಬಿ ಹೋಗಿ. ಗಾಳಿ ನಿಲ್ಲದಿದ್ದರೆ ಸ್ಟೆಪ್ನಿ ಹಾಕಿ.

ರಿಪೇರಿಯಲ್ಲಿ ಎರಡು ಬಗೆ

ನಮ್ಮ ಕಡೆ ಹೆಚ್ಚಾಗಿ ಮಾಡುವುದು ಸ್ಟ್ರಿಪ್ ಹಾಕುವ ಕೆಲಸ. ಹತ್ತು ನಿಮಿಷದ್ದು, ಚಕ್ರ ಬಿಚ್ಚುವುದೂ ಬೇಡ. ಮನೆಯಲ್ಲೂ ಮಾಡಿಕೊಳ್ಳಬಹುದು. ಕಿಟ್‌ನಲ್ಲಿ ಎರಡು ಟಿ ಆಕಾರದ ಹಿಡಿ ಇರುತ್ತವೆ. ಒಂದರ ತುದಿ ಅರದ ಹಾಗೆ ಒರಟು, ಇನ್ನೊಂದಕ್ಕೆ ಸೂಜಿಯ ಹಾಗೆ ಕಣ್ಣು. ಜೊತೆಗೆ ಅಂಟಂಟಾದ ಕಂದು ಬಣ್ಣದ ಸ್ಟ್ರಿಪ್‌ಗಳು, ಒಂದು ಟ್ಯೂಬ್ ಸೊಲ್ಯೂಷನ್.

ಮೊದಲು ಟೈರಿಗೆ ಪೂರ್ತಿ ಗಾಳಿ ತುಂಬಿ, ಸೋಪಿನ ನೀರು ಹಾಕಿ ತೂತು ಖಚಿತ ಮಾಡಿಕೊಳ್ಳಿ. ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಇಕ್ಕಳದಿಂದ ಮೊಳೆ ಕೀಳುವಾಗ ಅದು ಯಾವ ಕೋನದಲ್ಲಿ ಹೊಕ್ಕಿತ್ತು ನೋಡಿಕೊಳ್ಳಿ. ಒರಟು ತುದಿಯ ಹಿಡಿಯನ್ನು ಅದೇ ಕೋನದಲ್ಲಿ ತೂರಿಸಿ ನಾಲ್ಕಾರು ಸಲ ಆಡಿಸಿ. ಬೇರೆ ಕೋನದಲ್ಲಿ ತೂರಿಸಿದರೆ ಎರಡನೇ ತೂತು ಮಾಡಿದಂತಾಗುತ್ತದೆ. ಸ್ಟ್ರಿಪ್ಪನ್ನು ಸೂಜಿಯ ಕಣ್ಣಿನಲ್ಲಿ ಅರ್ಧಕ್ಕೆ ಪೋಣಿಸಿ, ಸೊಲ್ಯೂಷನ್ ಸವರಿ, ಬಲವಾಗಿ ಒಳಕ್ಕೆ ಒತ್ತಿ. ಎರಡು ತುದಿಗಳೂ ಒಂದೊಂದು ಸೆಂಟಿಮೀಟರಿನಷ್ಟು ಹೊರಗಿರಲಿ. ಈಗ ಸೂಜಿಯನ್ನು ತಿರುಗಿಸದೆ ಒಂದೇ ಏಟಿಗೆ ಹೊರಗೆಳೆಯಿರಿ. ಹೊರಗುಳಿದ ತುದಿಗಳನ್ನು ಟೈರಿನ ಮಟ್ಟಕ್ಕೆ, ಒಂದೆರಡು ಮಿ.ಮೀ. ಬಿಟ್ಟು ಕತ್ತರಿಸಿ. ಗಾಳಿ ತುಂಬಿ ಮತ್ತೆ ಸೋಪಿನ ನೀರು ಹಾಕಿ ನೋಡಿ. ಕೈಗೆ ಜೋರು ಬೇಕು, ಅದೊಂದೇ ಕಷ್ಟ.

ಇನ್ನೊಂದು ಮಶ್ರೂಮ್ ಪ್ಯಾಚ್. ಅಣಬೆಯ ಆಕಾರದ ರಬ್ಬರ್. ಅದರ ಕಾಂಡ ತೂತನ್ನು ತುಂಬುತ್ತದೆ, ಕೊಡೆ ಒಳಗಿನಿಂದ ಅಂಟಿಕೊಳ್ಳುತ್ತದೆ. ಇದಕ್ಕೆ ಟೈರನ್ನು ರಿಮ್‌ನಿಂದ ಬಿಚ್ಚಲೇಬೇಕು. ತೂತನ್ನು ಡ್ರಿಲ್ಲಿನಿಂದ ಸಮ ಮಾಡಿ, ಒಳಗಿನ ರಬ್ಬರನ್ನು ಉಜ್ಜಿ, ಸೊಲ್ಯೂಷನ್ ಹಚ್ಚಿ ಒಣಗಲು ಬಿಡಬೇಕು. ಆಮೇಲೆ ಕಾಂಡವನ್ನು ಹೊರಗೆಳೆದು, ಪ್ಯಾಚಿನ ಮೇಲೆ ಚಿಕ್ಕ ರೋಲರ್ ಆಡಿಸಿ ಒತ್ತಬೇಕು. ಸೊಲ್ಯೂಷನ್ ಒಣಗುವ ಮೊದಲೇ ಅವಸರದಲ್ಲಿ ಅಂಟಿಸಿದರೆ ಪ್ಯಾಚ್ ಏಳುತ್ತದೆ. ಮರಳಿ ಕೂರಿಸಿದ ಮೇಲೆ ಬ್ಯಾಲೆನ್ಸಿಂಗ್ ಮಾಡಿಸಲೇಬೇಕು.

ಯಾವುದು ಒಳ್ಳೆಯದು? ಟೈರ್ ಉದ್ಯಮದ ಮಾರ್ಗಸೂಚಿ ಸ್ಪಷ್ಟವಾಗಿದೆ. ಬರೀ ಸ್ಟ್ರಿಪ್ ಪೂರ್ಣ ರಿಪೇರಿ ಅಲ್ಲ. ತೂತೂ ತುಂಬಬೇಕು, ಒಳಗಿನ ಪದರವೂ ಮುಚ್ಚಬೇಕು. ತೂತಿನಿಂದ ನೀರು ಇಳಿದರೆ ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ. ಸ್ಟ್ರಿಪ್‌ನ ಇನ್ನೊಂದು ದೋಷ, ಒಳಗೆ ನೋಡದೆಯೇ ಕೆಲಸ ಮುಗಿದಿರುತ್ತದೆ. ನಮ್ಮ ಎರಡನೇ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಆದರೂ ಸ್ಟ್ರಿಪ್ ಹಾಕಿಸಿಕೊಂಡು ಊರೊಳಗೆ ಸಾವಿರಾರು ಕಿಲೋಮೀಟರ್ ಓಡಿಸುವವರು ಬೇಕಾದಷ್ಟು ಜನರಿದ್ದಾರೆ. ಸರಿ ಮಧ್ಯದಲ್ಲಿ, ನೆಟ್ಟಗೆ ಹೊಕ್ಕ ಸಣ್ಣ ಮೊಳೆ, ಗಾಳಿ ಪೂರ್ತಿ ಇಳಿದಿರಲಿಲ್ಲ ಅಂದರೆ ಸ್ಟ್ರಿಪ್ ನಡೆಯುತ್ತದೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವ ಕಾರಾದರೆ ಮಶ್ರೂಮ್ ಪ್ಯಾಚನ್ನೇ ಹಾಕಿಸಿ. ನೂರಿನ್ನೂರು ರೂಪಾಯಿ ಜಾಸ್ತಿ ಆಗಬಹುದು.

ಒಂದರ ಪಕ್ಕದಲ್ಲೇ ಇನ್ನೊಂದು ತೂತಾಗಿ ಪ್ಯಾಚ್ ಮೇಲೆ ಪ್ಯಾಚ್ ಬೀಳುವಂತಿದ್ದರೆ ರಿಪೇರಿ ಬೇಡ. ಟ್ಯೂಬ್‌ಲೆಸ್ ಟೈರಿಗೆ ಟ್ಯೂಬ್ ಹಾಕಿಸುವ ಹಳೇ ಉಪಾಯವೂ ಬೇಡ. ಟ್ಯೂಬ್ ಮತ್ತು ಟೈರ್ ಉಜ್ಜಿ ಬಿಸಿಯಾಗುತ್ತವೆ, ಮುಂದಿನ ಸಲ ಪಂಕ್ಚರ್ ಆದರೆ ಗಾಳಿ ನಿಧಾನವಾಗಿ ಅಲ್ಲ, ಒಮ್ಮೆಲೇ ಹೋಗುತ್ತದೆ. ಕಿಟ್‌ನಲ್ಲಿ ಬರುವ ದ್ರವ ಸೀಲಂಟ್ ತುರ್ತಿಗೆ ಮಾತ್ರ. ಹಾಕಿದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ, ಬಿಚ್ಚುವಾಗ ಮೈಮೇಲೆ ಚೆಲ್ಲುತ್ತದೆ. ಒಳಗೆ ಸೆನ್ಸರ್ ಇರುವ ಚಕ್ರವಾದರೆ ಅದೂ ಹಾಳಾಗಬಹುದು.

ಅಂಗಡಿಯಲ್ಲಿ ಪಕ್ಕದಲ್ಲೇ ನಿಲ್ಲಿ. ಒಂದು ಮೊಳೆಗೆ ಹೋದವರಿಗೆ "ನಾಲ್ಕು ತೂತಿದೆ ಸಾರ್" ಅನ್ನುವ ಕತೆ ಬೆಂಗಳೂರಿನಲ್ಲಿ ಹೊಸದಲ್ಲ. ಹೊರ ವರ್ತುಲ ರಸ್ತೆಯಲ್ಲಿ ಅಯಸ್ಕಾಂತ ಹಿಡಿದು ದಿನವೂ ಮೊಳೆ ಆರಿಸಿದ ನಾಗರಿಕರೊಬ್ಬರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಎಲ್ಲ ಅಂಗಡಿಯವರೂ ಹಾಗಲ್ಲ. ಆದರೂ ಪ್ರತಿ ತೂತಿಗೂ ಗುಳ್ಳೆ ಬರುವುದನ್ನು ತೋರಿಸಿ ಅಂತ ಕೇಳಿ. ಚೂಪಾದ ಹಿಡಿಯನ್ನು ಕೈಯಲ್ಲಿಟ್ಟುಕೊಂಡೇ ತೂತು ಹುಡುಕುತ್ತಿದ್ದರೆ ಕಣ್ಣು ಅಲ್ಲೇ ಇರಲಿ.

ಮೊಳೆಯೇ ಇಲ್ಲ, ಗಾಳಿ ಮಾತ್ರ ಇಳಿಯುತ್ತಿದೆ ಅಂದರೆ ವಾಲ್ವ್ ಬಾಯಿಗೆ ಒಂದು ಹನಿ ಸೋಪಿನ ನೀರು ಹಾಕಿ. ಗುಳ್ಳೆ ಬಂದರೆ ಒಳಗಿನ ಪಿನ್ ಬದಲಿಸಿದರೆ ಸಾಕು. ಅಲ್ಲೂ ಇಲ್ಲದಿದ್ದರೆ ಟೈರ್ ಮತ್ತು ರಿಮ್ ಸೇರುವ ಅಂಚು ನೋಡಿ. ರಿಮ್‌ಗೆ ತುಕ್ಕು ಹಿಡಿದಿರಬಹುದು, ಗುಂಡಿಗೆ ಬಿದ್ದು ಬಗ್ಗಿರಬಹುದು.

ಗುಂಡಿಗೆ ಬಿದ್ದು ಊದಿದ ಟೈರ್

ನಮ್ಮ ರಸ್ತೆಗಳಲ್ಲಿ ಟೈರುಗಳನ್ನು ಮೊಳೆಯಷ್ಟೇ ಕಾಡುವುದು ಗುಂಡಿ. ಮಳೆಯ ನೀರು ತುಂಬಿದ ಗುಂಡಿಗೆ ವೇಗವಾಗಿ ಬಿದ್ದಾಗ ಗುಂಡಿಯ ಅಂಚು ಮತ್ತು ರಿಮ್‌ನ ನಡುವೆ ಟೈರಿನ ಗೋಡೆ ಚಿವುಟಿಕೊಳ್ಳುತ್ತದೆ. ಒಳಗಿನ ನೂಲುಗಳು ಹರಿಯುತ್ತವೆ. ಕೆಲವು ದಿನಗಳಲ್ಲಿ ಆ ಜಾಗದಲ್ಲಿ ನಿಂಬೆಗಾತ್ರದ ಉಬ್ಬು ಏಳುತ್ತದೆ. ಅಲ್ಲಿ ಗಾಳಿಯನ್ನು ತಡೆದಿರುವುದು ತೆಳು ರಬ್ಬರ್ ಮಾತ್ರ. ಇದಕ್ಕೆ ರಿಪೇರಿ ಇಲ್ಲ. "ಸ್ವಲ್ಪ ದಿನ ಓಡಿಸಿ ನೋಡೋಣ" ಅನ್ನುವ ಹಾಗೂ ಇಲ್ಲ. ಅವತ್ತೇ ಸ್ಟೆಪ್ನಿ ಹಾಕಿ. ಉಬ್ಬು ಒಳಗಿನ ಬದಿಗೂ ಏಳಬಹುದು, ಅದು ಹೊರಗಿನಿಂದ ಕಾಣುವುದಿಲ್ಲ. ದೊಡ್ಡ ಗುಂಡಿಗೆ ಬಿದ್ದ ಮೇಲೆ ಒಳಬದಿಗೆ ಒಮ್ಮೆ ಕೈ ಆಡಿಸಿ.

ಉಲ್ಟಾ ಸಂಗತಿಯೂ ಉಂಟು. ಗೋಡೆಯಲ್ಲಿ ಒಳಕ್ಕೆ ತಗ್ಗಾದ ಉದ್ದ ಗೆರೆ ಕಂಡರೆ ಗಾಬರಿ ಬೇಡ. ರೇಡಿಯಲ್ ಟೈರುಗಳಲ್ಲಿ ಒಳಪದರದ ಜೋಡಣೆ ಬರುವ ಕಡೆ ಅದು ಸಹಜ. ಹೊರಕ್ಕೆ ಉಬ್ಬಿದ್ದು ಮಾತ್ರ ಕೆಟ್ಟದ್ದು.

ಇನ್ಶೂರೆನ್ಸ್ ಸಿಗುತ್ತಾ ಅಂತ ಕೇಳುತ್ತಾರೆ. ಸಾಮಾನ್ಯ ಪಾಲಿಸಿಯಲ್ಲಿ ಟೈರ್ ಒಂದೇ ಹಾಳಾದರೆ ಸಿಗುವುದಿಲ್ಲ. ಅಪಘಾತದಲ್ಲಿ ಗಾಡಿಗೂ ಜೊತೆಗೇ ಪೆಟ್ಟಾಗಿದ್ದರೆ ಟೈರಿನ ಬೆಲೆಯ ಅರ್ಧದವರೆಗೆ ಕೊಡುತ್ತಾರೆ. ಟೈರಿಗೆಂದೇ ಬೇರೆ ಆಡ್-ಆನ್ ಇದೆ.

ಸವೆದದ್ದು ಎಷ್ಟು, ವಯಸ್ಸು ಎಷ್ಟು

ನಮ್ಮ ಮೋಟಾರು ವಾಹನ ನಿಯಮದಲ್ಲಿ ಕಾರಿನ ಟೈರಿಗೆ ಗ್ರಿಪ್ ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಅಳೆಯಲು ಸಾಧನವೇ ಬೇಡ. ಗ್ರಿಪ್‌ನ ಉದ್ದ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿವೆ. ಗೋಡೆಯ ಮೇಲಿನ ಅಂಚಿನಲ್ಲಿ ಚಿಕ್ಕ ತ್ರಿಕೋನ ಅಥವಾ ಟಿಡಬ್ಲ್ಯುಐ ಅಕ್ಷರ ಇರುವ ನೇರಕ್ಕೆ ಹುಡುಕಿ. ಸುತ್ತಲಿನ ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಟೈರ್ ಬದಲಿಸಬೇಕು.

ಆದರೆ ಅದು ಕಾನೂನಿನ ಕೊನೇ ಗಡಿ. ಹೊಸ ಟೈರಿನಲ್ಲಿ ಏಳೆಂಟು ಮಿ.ಮೀ. ಇರುತ್ತದೆ. ಆ ಕಾಲುವೆಗಳ ಕೆಲಸವೇ ನೀರನ್ನು ಹೊರಗೆ ದಬ್ಬುವುದು. ಆಳ ಕಡಿಮೆಯಾದಷ್ಟೂ ಟೈರ್ ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಕರಾವಳಿ, ಮಲೆನಾಡಿನವರು, ಶಿರಾಡಿ, ಚಾರ್ಮಾಡಿ ಹತ್ತಿ ಇಳಿಯುವವರು 3 ಮಿ.ಮೀ.ಗೆ ಬಂದಾಗಲೇ ಬದಲಿಸುವುದು ಒಳ್ಳೆಯದು, ಅದೂ ಜೂನ್‌ಗಿಂತ ಮೊದಲು.

ಸವೆದ ರೀತಿಯನ್ನೂ ನೋಡಿ. ಮಧ್ಯ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಹಾಕುತ್ತಿದ್ದೀರಿ. ಎರಡೂ ಅಂಚು ಸವೆದಿದ್ದರೆ ಕಡಿಮೆ. ಒಂದೇ ಅಂಚಾದರೆ ಅಲೈನ್‌ಮೆಂಟ್ ಕೆಟ್ಟಿದೆ. ಅಲ್ಲಲ್ಲಿ ತಗ್ಗು ತಗ್ಗಾಗಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ. ಕಾರಣ ಸರಿಮಾಡದೆ ಹೊಸ ಟೈರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಎಷ್ಟು ಗಾಳಿ ಬೇಕು ಅನ್ನೋದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರ್ ಮೇಲಿದೆ. ಟೈರಿನ ಗೋಡೆಯ ಮೇಲಿರುವುದು ಗರಿಷ್ಠ ಮಿತಿ, ಅಷ್ಟು ಹಾಕಬಾರದು. ಗಾಳಿ ನೋಡುವುದು ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ.

ಕಡಿಮೆ ಓಡುವ ಕಾರುಗಳಲ್ಲಿ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಚೆನ್ನಾಗಿ ಪರೀಕ್ಷಿಸಿ. ಹತ್ತು ವರ್ಷ ಆದರೆ ಗ್ರಿಪ್ ಎಷ್ಟೇ ಚೆನ್ನಾಗಿರಲಿ, ತೆಗೆದುಬಿಡಿ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ನಿಲ್ಲುವ ಕಾರಿನ ಟೈರಿಗೆ ಅಷ್ಟು ವರ್ಷ ಕಾಯುವುದೇ ಬೇಡ, ಗೋಡೆಯಲ್ಲಿ ಜಾಲದ ಹಾಗೆ ಬಿರುಕು ಎದ್ದ ಕೂಡಲೇ ಬದಲಿಸಿ.

ಹೊಸದು ಕೊಳ್ಳುವಾಗ

ಹಳೇ ಟೈರಿನ ಮೇಲಿನ ಬರಹವನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. 185/65 ಆರ್15 88ಎಚ್ ಅಂತಿದ್ದರೆ ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ ಶೇ. 65, ರಿಮ್ 15 ಇಂಚು. 88 ಅಂದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ. ಎಚ್ ಅಂದರೆ 210 ಕಿ.ಮೀ. ವೇಗದವರೆಗೆ. ಕೊನೆಯ ಎರಡು ಗುರುತು ಮೊದಲಿಗಿಂತ ಕಡಿಮೆ ಆಗಬಾರದು. ಐಎಸ್‌ಐ ಗುರುತು ಇರಲೇಬೇಕು. ತಯಾರಾದ ವಾರವನ್ನು ಹಾಕಿಸುವ ಮೊದಲೇ ಓದಿ. ಎರಡು ವರ್ಷ ಹಳೆಯ ಸರಕಾದರೆ ಬೇರೆ ಕೊಡಿ ಅನ್ನಿ.

ಬಜೆಟ್ ಕಡಿಮೆ ಅಂತ ಸೆಕೆಂಡ್ ಹ್ಯಾಂಡ್ ಟೈರಿಗೆ ಹೋಗಬೇಡಿ. ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಕಾಲುವೆ ಕೊರೆದು ಮಾರುವುದುಂಟು. ಕಾರಿನ ಟೈರಿನಲ್ಲಿ ಕೊರೆಯುವಷ್ಟು ರಬ್ಬರೇ ಇರುವುದಿಲ್ಲ. ರೀಸೋಲ್, ಅಂದರೆ ಸವೆದ ಟೈರಿನ ಮೇಲೆ ಹೊಸ ಗ್ರಿಪ್ ಕೂರಿಸುವುದು, ಲಾರಿ, ಬಸ್ಸುಗಳಿಗೆ ಸರಿ, ಅವುಗಳ ಟೈರ್ ತಯಾರಾಗುವುದೇ ಆ ಲೆಕ್ಕದಲ್ಲಿ.

ಒಂದು ಟೈರ್ ಮಾತ್ರ ಹೋಗಿದ್ದರೆ? ಉಳಿದವು ಹೆಚ್ಚು ಸವೆದಿಲ್ಲದಿದ್ದರೆ ಅದೇ ಕಂಪನಿಯ ಅದೇ ಮಾದರಿಯ ಒಂದನ್ನು ಹಾಕಿಸಬಹುದು. ಅರ್ಧ ಸವೆದಿದ್ದರೆ ಜೋಡಿಯಾಗಿ ಕೊಳ್ಳಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ಮ್ಯಾನುಯಲ್ ನೋಡಿ, ಅವುಗಳಲ್ಲಿ ನಾಲ್ಕೂ ಒಂದೇ ಮಟ್ಟದಲ್ಲಿರಬೇಕು.

ಎರಡು ಹೊಸ ಟೈರ್ ಕೊಂಡಾಗ ಅಂಗಡಿಯವರು ಮುಂದೆ ಹಾಕಲು ಹೊರಡುತ್ತಾರೆ. ಇಂಜಿನ್ ಎಳೆಯುವುದು ಮುಂದಿನ ಚಕ್ರ ಅಲ್ವಾ ಅಂತ ಅವರ ವಾದ. ಹಿಂದೆ ಹಾಕಿಸಿ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಸ್ಟೇರಿಂಗ್‌ನಲ್ಲಿ ಗೊತ್ತಾಗುತ್ತದೆ, ವೇಗ ಇಳಿಸಿದರೆ ಸರಿಹೋಗುತ್ತದೆ. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕರಿಗೆ ಅದನ್ನು ಹಿಡಿಯಲಾಗುವುದಿಲ್ಲ. ಟೈರ್ ಕಂಪನಿಗಳು ಹೇಳುವುದೂ ಇದನ್ನೇ.

ಹೊಸ ಟೈರ್ ಜೊತೆ ಹೊಸ ವಾಲ್ವ್ ಹಾಕಿಸಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ. ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿ ಕೇಳಲು ಅದು ಬೇಕು. ಮೊದಲ ಕೆಲವು ನೂರು ಕಿಲೋಮೀಟರ್ ಜೋರಾಗಿ ತಿರುಗಿಸುವುದು, ಗಕ್ಕನೆ ಬ್ರೇಕ್ ಹಾಕುವುದು ಬೇಡ. ಆಮೇಲೆ ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನದು ಮುಂದಕ್ಕೆ, ಮುಂದಿನದು ಹಿಂದಕ್ಕೆ ಬದಲಿಸಿ.

ಹಳೇ ಟೈರನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಊದಿದ್ದೋ, ಗೋಡೆ ಹರಿದದ್ದೋ ಆದರೆ ನಿಮ್ಮ ಕಣ್ಣೆದುರೇ ಬ್ಲೇಡಿನಿಂದ ಗೋಡೆ ಕುಯ್ಯಿಸಿ, ಇಲ್ಲದಿದ್ದರೆ ಪಾಲಿಶ್ ಆಗಿ ಇನ್ನೊಬ್ಬರ ಕಾರಿಗೆ ಹೋದೀತು. ಮನೆಗೆ ತಂದು ತಾರಸಿಯ ಮೇಲೆ ಎಸೆದರೆ ಮಳೆನೀರು ನಿಂತು ಡೆಂಗಿ ಸೊಳ್ಳೆ ಸಾಕಿದಂತಾಗುತ್ತದೆ. ಮಕ್ಕಳ ಉಯ್ಯಾಲೆಗೆ ಬೇಕೇಬೇಕು ಅಂದರೆ ಕೆಳಭಾಗದಲ್ಲಿ ನಾಲ್ಕಾರು ತೂತು ಕೊರೆದು ನೀರು ಇಳಿಯುವ ಹಾಗೆ ಮಾಡಿ.